ಕುಮ್ಕಿ ಗುಡ್ಡೆಯಲ್ಲಿ ಕೇಳದೆ ಉಳಿದವರು

ರುದ್ರಭೂಮಿಗೆ ಜಾಗ ಸಿಗುವ ಹಿಂದಿನ ಸಂಜೆಯೇ, ಅದಕ್ಕಾಗಿ ಅರ್ಜಿ ಹಾಕಿದ್ದ ಕಾಲನಿಯ ಅಕ್ಕನ ತಾಯಿ ತೀರಿಕೊಂಡರು. ಫೋನು ಬಂದಾಗ ನಾನು ಬಿ.ಸಿ.ರೋಡಿನಲ್ಲಿ ಬಸ್ಸಿಳಿದು ಮೆಲ್ಕಾರಿಗೆ ಹೋಗುವ ಇನ್ನೊಂದು ಬಸ್ಸಿಗೆ ಕಾಯುತ್ತಿದ್ದೆ. ಕಂಡಕ್ಟರುಗಳ ಕೂಗಿನಲ್ಲಿ ಏನೂ ಕೇಳಿಸಲಿಲ್ಲ. ಹಣ್ಣಿನಂಗಡಿಯ ಹಿಂದಕ್ಕೆ ಹೋಗಿ ನಿಂತು, ಇನ್ನೊಮ್ಮೆ ಹೇಳಿ ಎಂದೆ.

"ಅಮ್ಮ ಹೋದ್ರು ಮೇಡಂ," ಎಂದರು ಅಕ್ಕ. ಅಳುತ್ತಿರಲಿಲ್ಲ. "ನಾಳೆ ಜಾಗ ಸಿಗ್ತದಲ್ಲ? ಸಿಗುವುದಾದ್ರೆ ನಾಳೆಯವರೆಗೆ ಇಟ್ಟುಕೊಳ್ತೇವೆ."

"ಸಿಗ್ತದೆ ಅಕ್ಕ. ಆದೇಶ ನನ್ನ ಕೈಯಲ್ಲೇ ಉಂಟು. ಬೆಳಿಗ್ಗೆ ನಾನೇ ಬಂದು ನಿಲ್ತೇನೆ."

ಮಾತು ಕೊಟ್ಟದ್ದು ಅಷ್ಟು ಸಲೀಸಾಗಿ. ನಾನು ಕಂದಾಯ ನಿರೀಕ್ಷಕಿ. ಕಡತ ಮೇಜಿನ ಮೇಲೆ ಸುಮ್ಮನೆ ಕೂತರೆ ನನಗೆ ಮೈ ಉರಿಯುತ್ತದೆ, ಅದನ್ನು ಕೂರಿಸಿದವರ ಮೇಲೆ ಬಾಯಿಯೂ ಹೋಗುತ್ತದೆ. ಕಚೇರಿಯಲ್ಲಿ ಹಿಂದಿನಿಂದ ನನಗೆ "ಪಟಾಕಿ ಮೇಡಂ" ಎನ್ನುತ್ತಾರೆಂದು ಗೊತ್ತು. ಹೇಳಿಕೊಳ್ಳಲಿ. ಈ ಕಡತವನ್ನಂತೂ ನಾನು ಬೆನ್ನು ಹತ್ತಿ ಓಡಿಸಿದ್ದೆ. ನಾಳೆ ಮುಗಿಯುತ್ತದೆ ಎಂಬ ಸಮಾಧಾನದಲ್ಲಿ, ಸಾವಿನ ಸುದ್ದಿಯ ನಡುವೆಯೂ ನನಗೆ ಒಳಗೊಳಗೆ ಹೆಮ್ಮೆಯೇ ಆಗಿತ್ತು.

ಊರಿನ ಹೆಸರು ಬರೆಯುವುದಿಲ್ಲ. ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಗ್ರಾಮ. ಅಲ್ಲಿ ಗುಡ್ಡೆಯ ಬುಡದಲ್ಲಿ ಸರಕಾರ ಕೊಟ್ಟ ಸಣ್ಣ ಮನೆಗಳ ಒಂದು ಕಾಲನಿ. ಮನೆಗೆ ಜಾಗ ಸಿಕ್ಕಿತ್ತು, ಸತ್ತವರಿಗೆ ಸಿಕ್ಕಿರಲಿಲ್ಲ. ಯಾರಾದರೂ ತೀರಿಕೊಂಡರೆ ಪೇಟೆಯ ರುದ್ರಭೂಮಿಗೆ ಒಯ್ಯಬೇಕು. ಒಮ್ಮೆ ಪಂಚಾಯತಿನ ಚೀಟಿ ತಂದಿಲ್ಲವೆಂದು ಅಲ್ಲಿನವರು ಗೇಟು ತೆಗೆಯದೆ, ಶವವನ್ನು ರಸ್ತೆಬದಿಯ ಬಿಸಿಲಿನಲ್ಲಿ ಇಟ್ಟುಕೊಂಡು ಕಾಲನಿಯವರು ಮಧ್ಯಾಹ್ನದವರೆಗೆ ನಿಂತಿದ್ದರಂತೆ. ಅಂದಿನಿಂದ ಅಕ್ಕ ಅರ್ಜಿ ಹಿಡಿದು ತಿರುಗಲು ಶುರು ಮಾಡಿದ್ದು. ಆಕೆ ಬೀಡಿ ಕಟ್ಟುವವರು. ಕಟ್ಟಿದ ಬೀಡಿ ಒಪ್ಪಿಸಲು ಪೇಟೆಯ ಬ್ರಾಂಚಿಗೆ ಬರುವ ದಿನ ನಮ್ಮ ಕಚೇರಿಗೂ ಬಂದು, "ನಮ್ಮದು ಎಲ್ಲಿಗೆ ಮುಟ್ಟಿತು ಮೇಡಂ?" ಎಂದು ಕೇಳಿಯೇ ಹೋಗುತ್ತಿದ್ದರು.

ಅದಕ್ಕೆಂದು ನೋಡಿದ ಜಾಗ ಕಾಲನಿಯ ಮೇಲಿನ ಕುಮ್ಕಿ ಗುಡ್ಡೆ. ಕುಮ್ಕಿ ಎಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲ. ಜಾಗ ಸರಕಾರದ್ದು. ಆದರೆ ಅದರ ಪಕ್ಕದಲ್ಲಿ ಸಾಗುವಳಿ ಮಾಡುವ ಪಟ್ಟಾದಾರರಿಗೆ ಅಲ್ಲಿಂದ ಸೊಪ್ಪು, ಹುಲ್ಲು, ಕಟ್ಟಿಗೆ ತರುವ ಸವಲತ್ತು ಉಂಟು. ಬ್ರಿಟಿಷರ ಕಾಲದಲ್ಲಿ, ನಾವೆಲ್ಲ ಮದ್ರಾಸಿಗೆ ಸೇರಿದ್ದಾಗ, ಹಾಗೆ ಬರೆದಿಟ್ಟರು. ಬ್ರಿಟಿಷರು ಹೋದರು, ಮದ್ರಾಸು ಹೋಯಿತು, ಸವಲತ್ತು ಉಳಿಯಿತು. ತಲೆಮಾರುಗಳಿಂದ ಸೊಪ್ಪು ಕಡಿದವರಿಗೆ ಅದು ಸ್ವಂತ ಜಾಗದ ಹಾಗೆಯೇ ಕಾಣುತ್ತದೆ. ಊರಿನ ಉಪಯೋಗಕ್ಕೆ ಬೇಕಾದರೆ ಸರಕಾರ ಆ ಸವಲತ್ತನ್ನು ರದ್ದು ಮಾಡಿ ಜಾಗ ತೆಗೆದುಕೊಳ್ಳಬಹುದು. ಆದರೆ ಮೊದಲು ಪಟ್ಟಾದಾರರಿಗೆ ನೋಟಿಸು ಕೊಡಬೇಕು, ಅವರ ಮಾತು ಕೇಳಬೇಕು. ಇಷ್ಟೇ ವಿಷಯ.

ಆ ಗುಡ್ಡೆಗೆ ತಾಗಿದ ಪಟ್ಟಾ ಒಂದು ಗುತ್ತಿನ ಮನೆಯದ್ದು, ಊರಿನ ಹಳೆಯ ದೊಡ್ಡ ಮನೆತನದ್ದು. ಪಹಣಿಯಲ್ಲಿದ್ದ ಹೆಸರಿನವರು ತೀರಿಹೋಗಿ ವರ್ಷಗಳಾಗಿದ್ದವು. ಮನೆಯಲ್ಲಿದ್ದವರು ಅವರ ಮಗ. ಊರಿಡೀ ಅವರನ್ನು ಯಜಮಾನರು ಎನ್ನುತ್ತಿತ್ತು. ಗಲ್ಫಿನಿಂದ ಬಂದು ಹೆದ್ದಾರಿಯ ಬದಿಯಲ್ಲಿ ಹೋಟೆಲು ಹಾಕಿದವರು, ಮುಂದಿನ ಪಂಚಾಯತ್ ಚುನಾವಣೆಗೆ ನಿಲ್ಲುವ ಅಂದಾಜಿನಲ್ಲಿ ಇದ್ದವರು. ನೋಟಿಸು ಹಿಡಿದುಕೊಂಡು ಹೋದ ನನ್ನನ್ನೂ ಗ್ರಾಮ ಆಡಳಿತಾಧಿಕಾರಿಯನ್ನೂ ಚಾವಡಿಯಲ್ಲಿ ಕೂರಿಸಿ ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟರು.

"ಸತ್ತವರಿಗೆ ಜಾಗ ಬೇಡ ಅನ್ಲಿಕ್ಕೆ ಉಂಟಾ ಮೇಡಂ? ಎಲ್ಲಿ ಸಹಿ ಹಾಕ್ಬೇಕು ಹೇಳಿ."

ಸಹಿ ಹಾಕಿದರು. ಸರ್ವೆಯವರನ್ನು ತಾವೇ ಕರೆದುಕೊಂಡು ಹೋಗಿ ಗುಡ್ಡೆಯ ನೆತ್ತಿಯನ್ನು ತೋರಿಸಿದರು. ಕೆಳಗಿನ ಮೂಲೆಯಲ್ಲಿ ಹೊಸದಾಗಿ ತಂತಿಬೇಲಿ ಹಾಕಿ ಗೇರುಗಿಡ ನೆಟ್ಟದ್ದು ನನ್ನ ಕಣ್ಣಿಗೆ ಬಿತ್ತು. ಸರಕಾರಿ ಜಾಗಕ್ಕೆ ಬೇಲಿ. ಅದು ಬೇರೆ ಕಡತ, ಆಮೇಲೆ ನೋಡುವ ಎಂದು ಸುಮ್ಮನಾದೆ. ಒಪ್ಪುತ್ತಿರುವ ಮನುಷ್ಯನನ್ನು ಕೆಣಕಿ ಕಡತವನ್ನು ಹಿಂದಕ್ಕೆ ಹಾಕಲು ನನಗೆ ಮನಸ್ಸಿರಲಿಲ್ಲ. ಪಂಚಾಯತಿನ ಬೋರ್ಡಿಗೂ ಒಂದು ಪ್ರಕಟಣೆ ಅಂಟಿಸಿದೆವು, ಆಕ್ಷೇಪಣೆ ಬರಲಿಲ್ಲ, ಮೇಲಿನಿಂದ ಆದೇಶ ಬಂತು.

ಇನ್ನು ಉಳಿದದ್ದು ಆ ಬೆಳಗು.

ನಾನು ತಲಪುವಾಗ ಜೆಸಿಬಿ ಆಗಲೇ ನೆತ್ತಿಯಲ್ಲಿತ್ತು. ಸರ್ವೆಯವರು ಕಲ್ಲು ಹಾಕುವ ಕಡೆಗಳಿಗೆ ಸುಣ್ಣ ಚೆಲ್ಲಿದ್ದರು. ಜನ ಸೇರಬಹುದೆಂದು ಠಾಣೆಯಿಂದ ಎಸ್‌ಐ ಬಂದಿದ್ದರು, ಜೊತೆಗೆ ಇಬ್ಬರು ಪೊಲೀಸರು. ಕೆಳಗೆ ಕಾಲನಿಯಲ್ಲಿ ಚಪ್ಪರದ ಕೆಳಗೆ ಬಿಳಿ ಬಟ್ಟೆ ಹೊದೆಸಿದ ದೇಹ ಮೇಲಿನಿಂದಲೇ ಕಾಣುತ್ತಿತ್ತು. ಏಪ್ರಿಲಿನ ಬಿಸಿಲು ಬೆಳಿಗ್ಗೆಯೇ ಹೊಡೆಯುತ್ತಿತ್ತು. ಗಂಡಸರು ಕಟ್ಟಿಗೆಯ ಹೊರೆ ಹೊತ್ತು ಗುಡ್ಡೆ ಹತ್ತಲು ತಯಾರಾಗಿ ನಿಂತಿದ್ದರು. ಅಕ್ಕ ಮಾತ್ರ ನನ್ನ ಪಕ್ಕದಲ್ಲಿ ಬಂದು ನಿಂತರು.

ಜೆಸಿಬಿಯ ಬಕೆಟು ಪೊದೆ ಕಿತ್ತು ನೆಲಕ್ಕೆ ತಾಗಿದಾಗ ಕಿವಿಗಡಚಿಕ್ಕುವ ಸದ್ದು ಬಂತು. ಅಡಿಯಲ್ಲಿ ಇಡೀ ಮುರಕಲ್ಲಿನ ಪಾದೆ, ಕೆಂಪು ಬಂಡೆ. "ನೆಲ ಗಟ್ಟಿ ಉಂಟು, ಒಳ್ಳೇದೇ ಆಯ್ತು," ಎಂದೆ ನಾನು. ಅಕ್ಕ ಕಲ್ಲನ್ನೇ ನೋಡುತ್ತಿದ್ದರು. ತಾಯಿಯ ದುಃಖ ಎಂದುಕೊಂಡೆ.

ಆಗ ಕೆಳಗಿನ ರಸ್ತೆಯಲ್ಲಿ ಒಂದು ರಿಕ್ಷಾ ಬಂದು ನಿಂತಿತು. ಇಳಿದವರು ಎಪ್ಪತ್ತು ದಾಟಿದ ಒಬ್ಬ ಹಿರಿಯಾಕೆ. ಯಾರ ಕೈಯನ್ನೂ ಹಿಡಿಯದೆ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಗುಡ್ಡೆ ಹತ್ತಿದರು. ನೇರವಾಗಿ ಜೆಸಿಬಿಯ ಎದುರಿಗೆ ಹೋಗಿ, ಕಿತ್ತು ಹಾಕಿದ ಪೊದೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು. ಡ್ರೈವರು ಎಂಜಿನ್ ನಿಲ್ಲಿಸಿದ.

ನಾನು ಓಡಿದೆ. ಅಲ್ಲಿಂದ ಮುಂದೆ ನಡೆದ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಮ್ಮ, ಇದು ಸರಕಾರದ ಕೆಲಸ. ನೀವು ಯಾರು?"

"ಅದನ್ನೇ ನಾನು ಕೇಳ್ಲಿಕ್ಕೆ ಬಂದದ್ದು. ನೀವು ಯಾರನ್ನು ಕೇಳಿ ಇದನ್ನು ತೆಗೆದದ್ದು?"

"ಗುತ್ತಿನ ಮನೆಯವರನ್ನೇ. ಯಜಮಾನರು ಒಪ್ಪಿ ಸಹಿ ಹಾಕಿದ್ದಾರೆ."

"ಯಾವ ಯಜಮಾನ?" ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅವನು ನನ್ನ ಅಣ್ಣನ ಮಗ. ಮನೆ ನನ್ನ ತಾಯಿಯದ್ದು. ನಾನು ಮದುವೆಯಾಗಿ ಮೂಡುಬಿದಿರೆಯ ಹತ್ತಿರ ಇದ್ದೇನೆ, ಸತ್ತಿಲ್ಲ. ನಿಮ್ಮದು ಯಾವ ಮನೆ ಮಗಾ? ನಿಮ್ಮಲ್ಲಿಯೂ ಹೀಗೆಯೋ?"

ನಾನು ನನ್ನ ತಾಯಿಯ ಮನೆಯ ಹೆಸರು ಹೇಳಿದೆ. ಹೇಳುತ್ತಿದ್ದಂತೆಯೇ ಮಾಡಿದ ತಪ್ಪು ನನಗೆ ತಿಳಿಯಿತು.

ಯಾಕೆಂದರೆ ನಮ್ಮದೂ ಅಳಿಯಕಟ್ಟಿನ ಮನೆ. ಆಸ್ತಿ ಬರುವುದು ತಾಯಿಯ ಕಡೆಯಿಂದ. ಅಣ್ಣನೋ ಮಾವನೋ ಮನೆ ನೋಡಿಕೊಳ್ಳುತ್ತಾರೆ, ಅವರ ನಂತರ ಅದು ಅವರ ಅಕ್ಕತಂಗಿಯರ ಮಕ್ಕಳ ಮನೆ. ಕಾಯಿದೆ ಬದಲಾಗಿ ಗಂಡುಮಕ್ಕಳ ಹೆಂಡತಿ ಮಕ್ಕಳಿಗೂ ಪಾಲು ಬಂದಿದೆ, ಆದರೆ ಪಾಲಾಗದೆ ಉಳಿದ ಹಳೆಯ ಮನೆಗಳಲ್ಲಿ ಹೆಣ್ಣಿನ ಕವಲನ್ನು ಬಿಟ್ಟು ಒಂದು ಹುಲ್ಲುಕಡ್ಡಿಯನ್ನೂ ಅಲ್ಲಾಡಿಸುವಂತಿಲ್ಲ. ನಮ್ಮ ಮನೆಯ ಮದುವೆ, ಸಾವು, ಭೂತದ ನೇಮ ಎಲ್ಲದರಲ್ಲೂ ಯಾರು ಎಲ್ಲಿ ಕೂರಬೇಕು, ಯಾರನ್ನು ಮೊದಲು ಕೇಳಬೇಕು ಎಂದು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯೇನು. ಆದರೆ ಕಚೇರಿಯ ಕೋಷ್ಟಕದಲ್ಲಿ ಇರುವುದು ತಂದೆಯ ಹೆಸರು ಎಂಬ ಕಾಲಂ. ತಂದೆ ಸತ್ತರೆ ಮಗ. ಕಡತ ಕೈಗೆ ಬಂದ ಕೂಡಲೇ ನಾನೂ ಮಗನನ್ನು ಹುಡುಕಿಕೊಂಡು ಹೋಗಿದ್ದೆ. ನನ್ನ ಜೊತೆಗಿದ್ದ ಗ್ರಾಮ ಆಡಳಿತಾಧಿಕಾರಿಯೂ ಇದೇ ಕಡೆಯವನು, ಅವನಿಗೂ ಹೊಳೆಯಲಿಲ್ಲ. ಬೇರೆ ಜಿಲ್ಲೆಯವರು ತಪ್ಪಿದ್ದರೆ ಕ್ಷಮಿಸಬಹುದಿತ್ತು.

ಯಜಮಾನರು ಕಾರಿನಲ್ಲಿ ಬಂದರು, ಹೋಟೆಲಿನಿಂದ ಅರ್ಧಕ್ಕೆ ಎದ್ದು ಬಂದಂತೆ. "ಮಾಮಿ, ಊರವರ ಎದುರು ಮರ್ಯಾದೆ ತೆಗೀಬೇಡಿ. ಏಳಿ," ಎಂದರು ಸೋದರತ್ತೆಗೆ. ಹಿರಿಯಾಕೆ ಅವರ ಕಡೆ ತಿರುಗಲೂ ಇಲ್ಲ. "ಇವರಿಗೆ ಪ್ರಾಯ ಆಯ್ತು ಮೇಡಂ, ಯಾರೋ ತಲೆ ತುಂಬಿಸಿದ್ದಾರೆ. ನೀವು ಕೆಲಸ ಮುಂದುವರಿಸಿ, ನಾನುಂಟಲ್ಲ," ಎಂದರು ನನಗೆ.

ನಾನು ತಹಶೀಲ್ದಾರರಿಗೆ ಫೋನು ಮಾಡಿದೆ. ಅವರು ಜಿಲ್ಲಾ ಸಭೆಯಲ್ಲಿದ್ದರು, ಪಿಸುಮಾತಿನಲ್ಲಿ ಮಾತಾಡಿದರು.

"ತಡೆಯಾಜ್ಞೆ ಉಂಟಾ ಅವರ ಹತ್ತಿರ?"

"ಇಲ್ಲ ಸಾರ್."

"ಮತ್ತೆ? ಆದೇಶ ಆಗಿದೆ, ಬೋರ್ಡಿಗೆ ಪ್ರಕಟಣೆ ಹಾಕಿದ್ದೇವೆ. ಕಲ್ಲು ಹಾಕಿ, ಮಹಜರು ಬರೆದು ಪಂಚಾಯತಿಗೆ ಹಸ್ತಾಂತರ ಮಾಡಿ. ತೊಂದರೆ ಇದ್ದವರು ಅಪೀಲು ಹೋಗ್ಲಿ. ಅಲ್ಲಿ ಹೆಣ ಬೇರೆ ಉಂಟಂತಲ್ಲ ಮಾರಾಯ್ತಿ, ಗಲಾಟೆ ಆದ್ರೆ ನಿಮ್ಮ ತಲೆಗೆ."

ಫೋನು ಇಟ್ಟರು. ಎಸ್‌ಐ ಹತ್ತಿರ ಬಂದರು. "ಏನು ಮೇಡಂ? ಎತ್ತಿ ಬದಿಗೆ ಕೂರಿಸ್ಬೇಕಾ? ಮಹಿಳಾ ಪೊಲೀಸ್ ಕರೆಸ್ತೇನೆ. ನೀವು ಒಂದು ಹೇಳಿ, ಯಾವುದಾದ್ರೂ ಒಂದು." ಕೆಳಗೆ ಕಟ್ಟಿಗೆ ಹೊತ್ತವರು ಆಗಲೇ ಅರ್ಧ ಗುಡ್ಡೆ ಹತ್ತಿದ್ದರು.

ನಾನು ಹಿರಿಯಾಕೆಯ ಎದುರು ಕುಕ್ಕರಗಾಲಿನಲ್ಲಿ ಕೂತೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು. ನಿನ್ನೆ ಬರಬಾರದಿತ್ತೇ, ನಾಡಿದ್ದು ಬರಬಾರದಿತ್ತೇ.

"ಅಮ್ಮ, ತಪ್ಪಾಯ್ತು. ನಿಮ್ಮನ್ನು ಕೇಳಬೇಕಿತ್ತು. ಈಗ ಕೇಳ್ತೇನೆ. ಕೆಳಗೆ ನೋಡಿ, ಒಬ್ಬರು ತೀರಿಹೋಗಿದ್ದಾರೆ. ಇವತ್ತಿಗೆ ಒಪ್ಪಿಕೊಳ್ಳಿ."

ಅವರು ಕೆಳಗೆ ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ತಲೆಯಲ್ಲಾಡಿಸಿದರು.

"ಹೆಣ ಎದುರಿಗೆ ಇಟ್ಟು ಕೇಳಿದ್ರೆ ಅದು ಕೇಳಿದ ಹಾಗೆ ಆಗುದಿಲ್ಲ ಮಗಾ. ಬೇಡ ಅಂದ್ರೆ ನಾನು ಪಾಪಿ. ಹೂಂ ಅಂದ್ರೆ ನೀವು ಮಾಡಿದ್ದೆಲ್ಲ ಸರಿ ಅಂತ ಆಗ್ತದೆ. ಎರಡನ್ನೂ ನಾನು ಹೇಳುದಿಲ್ಲ. ನಿಮಗೆ ಎಬ್ಬಿಸ್ಲಿಕ್ಕೆ ಆಗ್ತದೆ, ಎಬ್ಬಿಸಿ."

ಎಬ್ಬಿಸಬಹುದಿತ್ತು. ಕೈಯಲ್ಲಿ ಆದೇಶ ಇತ್ತು, ಪೊಲೀಸರಿದ್ದರು, ಮೇಲಧಿಕಾರಿಯ ಮಾತಿತ್ತು, ಸುತ್ತ ನಿಂತ ಜನರ ಮನಸ್ಸೂ ನನ್ನ ಕಡೆಗೇ ಇತ್ತು. ಆದರೆ ಎಬ್ಬಿಸಿದ ಮೇಲೆ ನಾನು ಮಹಜರು ಬರೆಯಬೇಕು. ಅದರಲ್ಲಿ "ಸಂಬಂಧಪಟ್ಟವರಿಗೆಲ್ಲ ನೋಟಿಸು ಜಾರಿಯಾಗಿದ್ದು, ಯಾರದೂ ಆಕ್ಷೇಪಣೆ ಇರುವುದಿಲ್ಲ" ಎಂಬ ವಾಕ್ಯ ಬರಬೇಕು. ಆ ವಾಕ್ಯವನ್ನು ಬರೆದು ಬರೆದು ನನ್ನ ಕೈಗೆ ರೂಢಿಯಾಗಿದೆ. ಅಂದು ಅದು ಸುಳ್ಳು ಎನ್ನುವುದಕ್ಕೆ ಸಾಕ್ಷಿ ಎದುರಿಗೆ ಕಲ್ಲಿನ ಮೇಲೆ ಕೂತಿತ್ತು. ಅವರು ಕೋರ್ಟಿಗೆ ಹೋದರೆ ಆದೇಶ ಬಿದ್ದುಹೋಗುತ್ತದೆ, ಆಗ ಇಲ್ಲಿ ಉರಿದ ಚಿತೆಯ ಮೇಲೆ ವರ್ಷಗಟ್ಟಲೆ ವ್ಯಾಜ್ಯ ನಡೆಯುತ್ತದೆ ಎಂಬ ಲೆಕ್ಕಾಚಾರವೂ ತಲೆಯಲ್ಲಿ ಓಡಿತು. ಆದರೆ ನನ್ನನ್ನು ತಡೆದದ್ದು ಆ ಲೆಕ್ಕಾಚಾರ ಅಲ್ಲ. ನನ್ನ ತಾಯಿಯ ಮನೆಯ ಗುಡ್ಡೆಗೆ ಯಾರಾದರೂ ಹೀಗೆ ಬಂದಿದ್ದರೆ ನನ್ನ ತಾಯಿಯೂ ಅಲ್ಲೇ ಕೂರುತ್ತಿದ್ದರು. ಅವರನ್ನು ಎತ್ತಲು ಬಂದ ಅಧಿಕಾರಿಗೆ ನಾನು ಏನೆನ್ನುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಗಾಡಿ ಕೆಳಗೆ ಇಳಿಸಿ," ಎಂದೆ ಡ್ರೈವರಿಗೆ.

ಯಜಮಾನರು ಏನೋ ಕೂಗಿದರು. ಎಸ್‌ಐ ಟೊಪ್ಪಿ ತೆಗೆದು ಬೆವರು ಒರಸಿಕೊಂಡರು. ನಾನು ಅಕ್ಕನ ಕಡೆ ತಿರುಗಿದೆ. ಕಾಯಿದೆಯ ಮಾತೇ ಬಾಯಿಗೆ ಬಂತು. ನೋಟಿಸು ಸರಿಯಾಗಿಲ್ಲ, ಇವರನ್ನು ಕೇಳದೆ ತೆಗೆದುಕೊಳ್ಳುವ ಹಾಗಿಲ್ಲ, ಕಾನೂನು ಹಾಗೆ ಉಂಟು ಎಂದೆ.

ಅಕ್ಕ ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ಕಾನೂನು ನಮ್ಮ ಸಾವಿನ ದಿನವೇ ನೆನಪಾಗ್ತದಾ ಮೇಡಂ ನಿಮಗೆ? ಅವರನ್ನು ಕೇಳಲಿಲ್ಲ ಅಂತ ನಿಲ್ಲಿಸಿದ್ರಿ. ಸರಿ. ನಮ್ಮನ್ನು ಕೇಳಿದ್ದು ಯಾವಾಗ?"

ಅಷ್ಟು ಹೇಳಿ ಕೆಳಗೆ ಇಳಿದು ಹೋದರು. ಕಟ್ಟಿಗೆ ಹೊತ್ತವರಿಗೆ ದಾರಿಯಲ್ಲಿ ಏನೋ ಹೇಳಿದರು, ಅವರೂ ಹೊರೆ ಅಲ್ಲೇ ಕೆಡವಿ ತಿರುಗಿದರು. ಒಬ್ಬ ಯುವಕ ನನ್ನ ಕಡೆಗೆ ಕಲ್ಲೊಂದನ್ನು ಎತ್ತಿದ್ದ, ಅಕ್ಕ ಅವನ ಕೈ ಹಿಡಿದು ಕೆಳಗೆ ಎಳೆದುಕೊಂಡು ಹೋದರು. ಅವರ ಕೊನೆಯ ಪ್ರಶ್ನೆಯನ್ನು ನಾನು ಸಿಟ್ಟಿನ ಮಾತು ಎಂದುಕೊಂಡೆ.

ಪೇಟೆಗೆ ಒಯ್ಯಲು ವಾಹನ ನಾನೇ ಮಾಡಿಸಿದೆ. ಚೀಟಿಯನ್ನು ಪಂಚಾಯತಿನಲ್ಲಿ ನಿಂತು ಬರೆಸಿದೆ. ಹಿಂದಿನಿಂದ ಸ್ಕೂಟರಿನಲ್ಲಿ ಹೋಗಿ ರುದ್ರಭೂಮಿಯ ಗೇಟಿನಲ್ಲಿ ನಿಂತೆ. ಅಲ್ಲಿನವರು ನನ್ನ ಗುರುತಿನ ಚೀಟಿ ನೋಡಿ ತಕ್ಷಣ ಗೇಟು ತೆಗೆದರು. ಹಾಗೆ ತೆಗೆದದ್ದನ್ನು ಅಕ್ಕ ನೋಡಿದ್ದು ನನಗೆ ಕಂಡಿತು. ಒಳಗೆ ನನ್ನನ್ನು ಯಾರೂ ಕರೆಯಲಿಲ್ಲ. ಹೊರಗೆ ಅಂಗಡಿಯ ಬದಿಯಲ್ಲಿ ನಿಂತಿದ್ದೆ, ಹೊಗೆ ಏಳುವಾಗ ಅಳು ಬಂತು. ಮಾತು ಕೊಟ್ಟು ತಪ್ಪಿದವಳು ನಾನು. ಸರಿ ಮಾಡಿದ್ದೇನೆ ಎಂಬ ಭಾವನೆ ಒಂದು ಚೂರೂ ಇರಲಿಲ್ಲ.

ಸಂಜೆ ಕಚೇರಿಗೆ ಬಂದು ಮಹಜರು ಬರೆದೆ. ನಡೆದದ್ದನ್ನು ನಡೆದಂತೆಯೇ. ಪಹಣಿದಾರರ ತಂಗಿ ಜೀವಂತ ಇದ್ದು ಅವರಿಗೆ ನೋಟಿಸು ಜಾರಿಯಾಗಿಲ್ಲ, ಜಾರಿ ಮಾಡದೆ ಬಿಟ್ಟದ್ದು ನಾನೇ, ಆದ್ದರಿಂದ ಕೆಲಸ ನಿಲ್ಲಿಸಿದ್ದೇನೆ. ತಹಶೀಲ್ದಾರರು ಓದಿ ಕಡತವನ್ನು ಮೇಜಿನ ಆ ಬದಿಗೆ ತಳ್ಳಿದರು.

"ನಿಮಗೆ ಎಲ್ಲದಕ್ಕೂ ಅವಸರ. ಓಡಿಸುವಾಗಲೂ ಅವಸರ, ನಿಲ್ಲಿಸುವಾಗಲೂ ಅವಸರ. ಒಂದು ಫೋನ್ ಮಾಡಿ ನನ್ನನ್ನು ಕೇಳಿದಿರಾ ನಿಲ್ಲಿಸುವ ಮೊದಲು?"

"ನೀವು ಮುಂದುವರಿಸಿ ಅಂದಿದ್ರಿ ಸಾರ್."

"ಅದಕ್ಕೇ ಹೇಳುದು."

ಕೆಲವು ದಿನಗಳಲ್ಲಿ ನನಗೆ ಕಾರಣ ಕೇಳಿ ನೋಟಿಸು ಬಂತು. ಮೇಲಧಿಕಾರಿಯ ಸೂಚನೆ ಮೀರಿದ್ದಕ್ಕೆ ತಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು, ನಿಗದಿತ ಅವಧಿಯೊಳಗೆ ಸಮಜಾಯಿಷಿ ನೀಡತಕ್ಕದ್ದು. ಮೊದಲು ಕೋಪ ಬಂತು. ಆಮೇಲೆ, ಉತ್ತರ ಬರೆಯಲು ಕೂತಾಗ, ನಗು ಬಂತು. ನನ್ನ ಒಂದು ಇನ್‌ಕ್ರಿಮೆಂಟು ಕಡಿಯುವ ಮೊದಲು ಸರಕಾರ ಇಷ್ಟು ಮರ್ಯಾದೆಯಿಂದ ನನ್ನನ್ನು ಕೇಳುತ್ತಿದೆ. ಕಾಲನಿಗೆ ಜಾಗ ಕೊಡುವಾಗ ಅಲ್ಲಿ ಯಾರನ್ನು ಕೇಳಿದ್ದೆವು? ಕಡತದಲ್ಲಿ ಅಕ್ಕನ ಅರ್ಜಿ ಇತ್ತು, ಅದರಲ್ಲಿ ರುದ್ರಭೂಮಿ ಬೇಕು ಎಂದಿತ್ತು. ಎಲ್ಲಿ, ಹೇಗೆ, ಯಾವ ತರದ ಜಾಗ ಎಂದು ನಮ್ಮ ಕಡೆಯಿಂದ ಒಬ್ಬರೂ ಒಂದು ಮಾತು ಕೇಳಿರಲಿಲ್ಲ. ಅವರಿಗೆ ಕೊಡುವುದಲ್ಲವೇ, ಕೊಡುವವರನ್ನು ಕೇಳಿದರೆ ಸಾಕು ಎಂದು ಎಲ್ಲರೂ ತಿಳಿದಿದ್ದೆವು. ಗುಡ್ಡೆಯಲ್ಲಿ ಅವರು ಕೇಳಿದ್ದು ಸಿಟ್ಟಿನ ಮಾತಾಗಿರಲಿಲ್ಲ.

ಸಮಜಾಯಿಷಿಯ ಜೊತೆಗೇ ಇನ್ನೊಂದು ಟಿಪ್ಪಣಿ ಬರೆದೆ. ಹಳೆಯ ಆದೇಶವನ್ನು ಮರುಪರಿಶೀಲಿಸಿ ಹೊಸದಾಗಿ ವಿಚಾರಣೆ ಮಾಡಬೇಕು, ಅದು ಗುಡ್ಡೆಯಲ್ಲೇ ನಡೆಯಬೇಕು, ಮೂಡುಬಿದಿರೆಯ ಹಿರಿಯಾಕೆಗೂ ಕಾಲನಿಯ ಪ್ರತಿ ಮನೆಗೂ ನೋಟಿಸು ಹೋಗಬೇಕು. ಫಲಾನುಭವಿಗಳಿಗೆ ನೋಟಿಸು ಕೊಡುವ ಕ್ರಮ ಇಲ್ಲವಲ್ಲ ಎಂದರು ಶಿರಸ್ತೇದಾರರು. ಕೊಡಬಾರದು ಎಂದೂ ಇಲ್ಲವಲ್ಲ ಎಂದೆ. ತಹಶೀಲ್ದಾರರು ಗೊಣಗುತ್ತಲೇ ಸಹಿ ಹಾಕಿ ಮೇಲೆ ಕಳಿಸಿದರು. ಅದಕ್ಕೆ ನಾನು ಅವರಿಗೆ ಋಣಿ. ನನ್ನ ಮೇಲಿನ ನೋಟಿಸನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ.

ಕಾಲನಿಗೆ ನೋಟಿಸು ಹಂಚಲು ಹೋದ ದಿನ ಅಕ್ಕ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಮೊರದಿಂದ ಕಣ್ಣೆತ್ತಲಿಲ್ಲ. ನಾನು ಕಾಗದವನ್ನು ಪಕ್ಕದಲ್ಲಿಟ್ಟೆ.

"ಇದೇನು? ನಮ್ಮನ್ನು ಎಬ್ಬಿಸ್ತೀರಾ?"

"ಇಲ್ಲ ಅಕ್ಕ. ನೀವು ಬಂದು ಹೇಳಬೇಕು, ನಿಮಗೆ ಯಾವ ಜಾಗ ಆಗ್ತದೆ ಅಂತ."

ಆಗ ಕೈ ನಿಂತಿತು. ಕಾಗದ ತೆಗೆದು ತಮ್ಮ ಹೆಸರಿರುವ ಸಾಲನ್ನು ಎರಡು ಸಲ ಓದಿದರು. "ನೋಡುವ," ಎಂದರು. ಕುಡಿಯಲು ನೀರು ಬೇಕಾ ಎಂದೂ ಕೇಳಲಿಲ್ಲ.

ವಿಚಾರಣೆಗೆ ಬಂದ ಉಪವಿಭಾಗಾಧಿಕಾರಿ ಹೊಸಬರು, ಚಿಕ್ಕ ಪ್ರಾಯದವರು, ಬೇರೆ ರಾಜ್ಯದವರು. ನಿಧಾನವಾಗಿ ಪುಸ್ತಕದ ಕನ್ನಡ ಮಾತಾಡುತ್ತಿದ್ದರು, ನಮ್ಮ ಕಡೆಯವರ ಹಾಗೆಯೇ. ಗುಡ್ಡೆಯ ಹಳೆಯ ಗೇರುಮರದ ನೆರಳಿನಲ್ಲಿ ಪಂಚಾಯತಿನ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದೆವು. ಮೊದಲು ಹಿರಿಯಾಕೆಯನ್ನು ಕೇಳಿದರು.

"ಸತ್ತವರಿಗೆ ಜಾಗ ಬೇಡ ಅಂತ ನಾನು ಯಾವಾಗ ಹೇಳಿದೆ?" ಎಂದರು ಅವರು. "ನನ್ನನ್ನು ಕೇಳಬೇಕಿತ್ತು ಅಂತ ಹೇಳಿದ್ದು. ಈಗ ಕೇಳಿದ್ರಿ. ಕೊಡಿ, ನನ್ನದು ಅಡ್ಡಿ ಇಲ್ಲ."

ಇಷ್ಟೇ ಆಗಿದ್ದರೆ ಆ ದಿನ ಆ ದೇಹವನ್ನು ಪೇಟೆಗೆ ಓಡಿಸಿದ್ದು ಯಾಕೆ? ಅಕ್ಕನ ಮುಖ ನೋಡುವ ಧೈರ್ಯ ಆಗಲಿಲ್ಲ. ಯಜಮಾನರು ಮುಗುಳ್ನಗುತ್ತಾ, "ಹಾಗಾದ್ರೆ ಅದೇ ಜಾಗ, ನೆತ್ತಿಯದ್ದೇ. ನಾನು ಅವತ್ತೇ ಒಪ್ಪಿದ್ದೇನಲ್ಲ ಸಾರ್," ಎಂದರು.

ಅಧಿಕಾರಿ ಪಟ್ಟಿ ನೋಡಿ ಅಕ್ಕನನ್ನು ಕರೆದರು. ಅಕ್ಕ ಎದ್ದು ನಿಂತರು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ನಾವು ಸುಡುವವರಲ್ಲ ಸಾರ್. ಹೂಳುವವರು."

ಅಕ್ಕ ಕಾಲಿನಿಂದ ನೆಲವನ್ನು ಒತ್ತಿ ತೋರಿಸಿದರು.

"ಈ ನೆತ್ತಿಯಲ್ಲಿ ಇಡೀ ಮುರಕಲ್ಲು. ಹಾರೆ ಇಳಿಯುದಿಲ್ಲ. ಇಲ್ಲಿ ಹೂಳ್ಲಿಕ್ಕೆ ಆಗುದಿಲ್ಲ."

"ಮೊದಲೇ ಯಾಕೆ ಹೇಳಲಿಲ್ಲ?" ಅಧಿಕಾರಿ ಕೇಳಿದರು.

"ಯಾರೂ ಕೇಳಲಿಲ್ಲ. ಹೇಳಿದ್ರೆ, ಕೊಟ್ಟದ್ದು ಸಾಲುದಿಲ್ಲವಾ ಅಂತ ಇದೂ ಹೋಗ್ತದೆ ಅಂತ ಹೆದರಿಕೆ. ಪೇಟೆಯಲ್ಲಿಯೂ ಸುಡ್ಲಿಕ್ಕೆ ಮಾತ್ರ ಬಿಡುದು. ಸಿಕ್ಕಿದ್ದು ಸಾಕು, ಸುಟ್ಟುಬಿಡುವ ಅಂತ ನಾವೇ ಮನಸ್ಸು ಮಾಡಿದ್ದೆವು. ಅಮ್ಮನಿಗೆ ಮಣ್ಣಿಗೇ ಹೋಗ್ಬೇಕು ಅಂತ ಇತ್ತು."

ಜೆಸಿಬಿ ಪಾದೆಗೆ ತಾಗಿದ ಆ ಬೆಳಿಗ್ಗೆ, ಗಟ್ಟಿ ನೆಲ ಒಳ್ಳೇದೇ ಆಯ್ತು ಎಂದವಳು ನಾನು.

ಮಣ್ಣಿರುವ ಜಾಗ ಎಲ್ಲಿ ಎಂದು ಅಧಿಕಾರಿ ಕೇಳಿದರು. ಅಕ್ಕ ಕೈ ತೋರಿಸಿದ್ದು ಕೆಳಗಿನ ಮೂಲೆಗೆ, ತಂತಿಬೇಲಿಯ ಒಳಗೆ. ಯಜಮಾನರು ಕುರ್ಚಿಯಿಂದ ಎದ್ದರು. ಅದು ತಾನು ಬೆಳೆಸಿದ ಜಾಗ, ಖರ್ಚು ಮಾಡಿದ್ದೇನೆ, ಅದನ್ನು ಕೇಳಬೇಡಿ ಎಂದರು. ಹಿರಿಯಾಕೆ ಬಗ್ಗಿ ನೋಡಿದರು.

"ಆ ಬೇಲಿ ಯಾವಾಗ ಬಂತು? ಅದನ್ನೂ ನನಗೆ ಯಾರೂ ಹೇಳಿಲ್ಲ."

ಆ ಮಧ್ಯಾಹ್ನವೇ ಬೇಲಿ ಕಿತ್ತು ಹಾಕಬೇಕೆಂದು ನನ್ನ ಕೈ ತುರಿಸುತ್ತಿತ್ತು. ಕಾಲನಿಯ ಯುವಕರಿಗೂ ಹಾಗೆಯೇ ಇತ್ತು. ಅಧಿಕಾರಿ ಬಿಡಲಿಲ್ಲ. ಒತ್ತುವರಿ ತೆರವಿಗೆ ಯಜಮಾನರಿಗೆ ಪ್ರತ್ಯೇಕ ನೋಟಿಸು ಕೊಡಿ, ಅವರ ಉತ್ತರ ಬರಲಿ ಎಂದರು. ಅದನ್ನು ಜಾರಿ ಮಾಡಲು ಹೋದವಳೂ ನಾನೇ. ಈ ಸಲ ಚಾವಡಿಯಲ್ಲಿ ಕೂರಿಸಲಿಲ್ಲ, ಬೊಂಡವೂ ಇಲ್ಲ. ಅವರು ಕೊಟ್ಟ ಅವಧಿಯ ಕೊನೆಯ ದಿನದವರೆಗೂ ಕಾದು ವಕೀಲರ ಮೂಲಕ ಉತ್ತರ ಕೊಟ್ಟರು, ಮತ್ತೆ ವಿಚಾರಣೆ ಆಯಿತು, ಅವರ ಮಾತನ್ನೆಲ್ಲ ಬರೆದುಕೊಂಡರು, ಕಾರಣ ಕೊಟ್ಟು ತಿರಸ್ಕರಿಸಿದರು. ನಾನು ಹಲ್ಲು ಕಚ್ಚಿ ಕಾದೆ. ಆ ನಡುವೆ ಕಾಲನಿಯಲ್ಲಿ ಬೇರೆ ಸಾವು ಆಗದಿರಲಿ ಎಂದು ದಿನಾ ಬಸ್ಸಿನಲ್ಲಿ ಹರಕೆ ಹೊತ್ತುಕೊಂಡೇ ಬರುತ್ತಿದ್ದೆ. ಆಗಲಿಲ್ಲ.

ಹಸ್ತಾಂತರದ ದಿನ ಮಳೆ ಹಿಡಿಯಲು ಇನ್ನು ಸ್ವಲ್ಪವೇ ಇತ್ತು. ಜೆಸಿಬಿ ಬೇಕಾಗಲಿಲ್ಲ. ಬೇಲಿಯ ಕಂಬಗಳನ್ನು ಕಾಲನಿಯವರೇ ಕಿತ್ತು ಒಂದು ಬದಿಗೆ ಜೋಡಿಸಿಟ್ಟರು, ಅವು ಯಜಮಾನರ ಸೊತ್ತು ಎಂದು ನಾನು ಪಟ್ಟಿ ಮಾಡಿದೆ. ನಾಲ್ಕು ಮೂಲೆಗೆ ಕಲ್ಲು ಬಿತ್ತು. ಮಹಜರು ಬರೆದೆ. ಸಂಬಂಧಪಟ್ಟವರಿಗೆಲ್ಲ ನೋಟಿಸು ಜಾರಿಯಾಗಿದ್ದು ಎಂದು ಬರೆಯುವಾಗ ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡೆ. ಹಿರಿಯಾಕೆ ಮೂಡುಬಿದಿರೆಯಿಂದ ಅದೇ ರಿಕ್ಷಾದಲ್ಲಿ ಬಂದು ಸಾಕ್ಷಿಗೆ ಸಹಿ ಹಾಕಿದರು.

ಎಲ್ಲ ಮುಗಿದು ಜನ ಚದುರುತ್ತಿದ್ದಾಗ ಅಕ್ಕ ಮನೆಗೆ ಹೋಗಿ ಬಂದರು. ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಒಂದು ಸಣ್ಣ ಮಣ್ಣಿನ ಗಡಿಗೆ, ಇನ್ನೊಂದು ಕೈಯಲ್ಲಿ ಹಾರೆ. ಪೇಟೆಯ ರುದ್ರಭೂಮಿಯಿಂದ ತಾಯಿಯ ಬೂದಿಯನ್ನು ತಂದು ಇಷ್ಟು ದಿನ ಮನೆಯ ಹಿಂದಿನ ಮಾಡಿನ ಜಂತಿಗೆ ಕಟ್ಟಿ ಇಟ್ಟಿದ್ದರಂತೆ. ನನಗೆ ಗೊತ್ತಿರಲಿಲ್ಲ.

ಅಕ್ಕ ಮೂಲೆಯೊಂದನ್ನು ನೋಡಿಕೊಂಡು ನಿಂತರು. ಆಮೇಲೆ ಹಿರಿಯಾಕೆಯ ಕಡೆ ತಿರುಗಿದರು.

"ಅಮ್ಮ, ಇಲ್ಲಿ ಅಗೆಯಲಾ?"

ಹಿರಿಯಾಕೆ ಹತ್ತಿರ ಬಂದು ಗಡಿಗೆಯನ್ನು ನೋಡಿದರು.

"ನನ್ನನ್ನು ಯಾಕೆ ಕೇಳ್ತಿ ಮಗಾ?" ಎಂದರು. "ಜಾಗ ನಿಮ್ಮದು. ಅಗೆ."

ಅಕ್ಕ ಗಡಿಗೆಯನ್ನು ನನ್ನ ಕೈಗೆ ಕೊಟ್ಟರು. ಎರಡೂ ಕೈಯಲ್ಲಿ ಹಾರೆ ಎತ್ತಿ ಹಾಕಿದರು. ಮೊದಲ ಏಟಿಗೇ ಅದು ಮಣ್ಣಿಗೆ ಇಳಿಯಿತು.